ಸಿನಿಮಾ ನೋಡಿ ಬಂದೆ, ಈಗ ಏನಂತ ಹೇಳಲಿ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಕನ್ನಡ ಮೀಡಿಯಂನಲ್ಲಿ ಓದಿದ್ದು. ಕನ್ನಡ, ಮಲಯಾಳ ಎರಡೂ ಸಿನಿಮಾ ನೋಡುತ್ತೇನೆ. ನೋಡಿದ್ದರ ಬಗ್ಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ, ಆಫೀಸಿನಲ್ಲಿ ಊಟದ ಹೊತ್ತಿಗೆ ಎರಡು ಮಾತು ಹೇಳಬೇಕು ಅನಿಸುತ್ತದೆ. ಆದರೆ ಸೂಪರ್, ಪರವಾಗಿಲ್ಲ, ಬೋರ್ ಬಿಟ್ಟರೆ ನಾಲ್ಕನೇ ಮಾತು ಬರುವುದಿಲ್ಲ. ಎಲ್ಲರೂ ಹೊಗಳಿದ ಸಿನಿಮಾ ನನಗೆ ಹಿಡಿಸಲಿಲ್ಲ ಅಂದಿದ್ದಕ್ಕೆ ಭಾವ ಮುನಿಸಿಕೊಂಡರು. ಇನ್ನೊಂದು ಸಲ ಕಥೆ ಹೇಳಿಬಿಟ್ಟೆ ಅಂತ ಅಕ್ಕನ ಮಗಳು ಜಗಳಕ್ಕೆ ಬಂದಳು. ನನಗೆ ವಿಮರ್ಶಕಿ ಆಗುವುದೇನೂ ಬೇಡ. ಸುಮ್ನೆ ಅಭಿಪ್ರಾಯ ಹೇಳುವುದಕ್ಕೂ ಕಲಿಯಬೇಕಾ? ಹಳೆ ಸಿನಿಮಾ ಈಗ ನೋಡಿ ಹೇಳಿದರೆ ನಗ್ತಾರಾ?

ಉತ್ತರ: ಹೊಸದಾಗಿ ಕಲಿಯುವುದೇನೂ ಇಲ್ಲ. ನಿಮ್ಮ ಕಡೆಯವರಿಗೆ ಈ ವಿದ್ಯೆ ಚೆನ್ನಾಗಿಯೇ ಬರುತ್ತದೆ. ಸಿನಿಮಾದ ಮಾತು ಬಂದಾಗ ಮಾತ್ರ ಅದು ಎಲ್ಲೋ ಅಡಗಿ ಕೂರುತ್ತದೆ.

ರಾತ್ರಿ ಯಕ್ಷಗಾನದ ಆಟ ನೋಡಿ ಬಂದವರ ಮಾತು ಕೇಳಿದ್ದೀರಲ್ಲ? ಕುಂಬಳೆ ಸೀಮೆಯಲ್ಲಿ ಯಾರೂ ‘ಆಟ ಸೂಪರ್’ ಅಂತ ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ‘ಭಾಗವತರು ಶುರುವಿಗೆ ಒಳ್ಳೆ ಹಿಡಿದರು, ನಡುರಾತ್ರಿ ಕಳೆದ ಮೇಲೆ ಸ್ವರ ಸ್ವಲ್ಪ ಇಳಿಯಿತು. ಪುಂಡುವೇಷದ ಹುಡುಗ ದಿಗಿಣ ಹಾರಿದ್ದೇ ಹಾರಿದ್ದು, ಮಾತು ಮಾತ್ರ ಸಾಲದು. ಹಾಸ್ಯದವರು ಇಲ್ಲದಿದ್ದರೆ ನಾನು ಎದ್ದು ಬರ್ತಿದ್ದೆ’ ಅನ್ನುತ್ತಾರೆ. ಏನು ಕಂಡಿತು, ಎಲ್ಲಿ ಹಿಡಿಸಿತು, ಎಲ್ಲಿ ಕಣ್ಣು ಎಳೆಯಿತು, ಎಲ್ಲವೂ ಅದರಲ್ಲಿ ಬಂತು. ಕೇಳಿದವನಿಗೆ ನಾಳೆ ಆ ಮೇಳದ ಆಟಕ್ಕೆ ಹೋಗಬೇಕಾ ಬೇಡವಾ ಅಂತ ತಾನೇ ತೀರ್ಮಾನ ಮಾಡಿಕೊಳ್ಳಲು ಸಾಕಷ್ಟು ಸಿಕ್ಕಿತು. ಹೀಗೆ ಮಾತಾಡುವ ಜನವೇ ಸಿನಿಮಾ ಅಂದ ಕೂಡಲೇ ಐದರಲ್ಲಿ ಮೂರೂವರೆ ಅಂತ ಮಾರ್ಕು ಹಾಕಲು ಕೂರುತ್ತಾರೆ. ಮೂರೂವರೆ ಅಂದರೆ ಏನು ಅಂತ ಹಾಕಿದವರಿಗೂ ಗೊತ್ತಿರುವುದಿಲ್ಲ.

ಫಿಲಂ ಸೊಸೈಟಿ ಪ್ರದರ್ಶನಗಳಲ್ಲಿ ಸಿನಿಮಾ ಮುಗಿದ ಮೇಲೆ ಮಾತುಕತೆ ನಡೆಸುವುದು ನನ್ನ ಕೆಲಸ. ‘ಹೇಗಿತ್ತು?’ ಅಂತ ಕೇಳಿದರೆ ಇಡೀ ಹಾಲ್ ಮೌನ. ‘ಯಾವ ಜಾಗ ಇನ್ನೂ ಕಣ್ಣ ಮುಂದೆ ಇದೆ?’ ಅಂತ ಕೇಳಿ ನೋಡಿ, ಹಿಂದಿನ ಸಾಲಿನವರೂ ಕೈ ಎತ್ತುತ್ತಾರೆ. ನೀವೂ ನಿಮಗೆ ನೀವೇ ಕೇಳಿಕೊಳ್ಳಬೇಕಾದ್ದು ಇದನ್ನೇ. ಇಡೀ ಸಿನಿಮಾದ ಬಗ್ಗೆ ಹೇಳಬೇಕು ಅಂತ ಹೊರಟರೆ ಬಾಯಿಗೆ ಬರುವುದು ಸೂಪರ್ ಅಥವಾ ಬೋರ್. ಒಂದೇ ಜಾಗ ಹಿಡಿದುಕೊಂಡರೆ ಮಾತು ತಾನಾಗಿ ಬರುತ್ತದೆ.

ನಿಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳೋಣ. ದಿಲೀಶ್ ಪೋತ್ತನ್ ಅವರ ‘ತೊಂಡಿಮುದಲುಂ ದೃಕ್‌ಸಾಕ್ಷಿಯುಂ’, 2017ರ ಮಲಯಾಳ ಸಿನಿಮಾ, ಕಥೆ ನಡೆಯುವುದು ಕಾಸರಗೋಡಿನಲ್ಲಿ. ಬಸ್ಸಿನಲ್ಲಿ ಹೆಂಗಸಿನ ಕುತ್ತಿಗೆಯ ಸರ ಕದಿಯುವ ಕಳ್ಳ (ಫಹಾದ್ ಫಾಸಿಲ್) ಅದನ್ನು ನುಂಗಿಬಿಡುತ್ತಾನೆ. ಪೊಲೀಸರು ಅವನ ಹೊಟ್ಟೆಯಿಂದ ಸರ ಹೊರಬರಲಿ ಅಂತ ಕಾಯುತ್ತಾ ಕೂರುತ್ತಾರೆ. ‘ಒಳ್ಳೆ ಸಿನಿಮಾ, ಫಹಾದ್ ಸೂಪರ್’ ಅಂದರೆ ಯಾರಿಗೂ ಏನೂ ಸಿಗಲಿಲ್ಲ. ಅದರ ಬದಲು ಹೀಗೆ ಹೇಳಿ: ‘ಕಳ್ಳನ ಹೆಸರು ಕೇಳಿದರೆ ಪ್ರಸಾದ್ ಅನ್ನುತ್ತಾನೆ. ದೂರು ಕೊಟ್ಟ ಗಂಡನ ಹೆಸರೂ ಪ್ರಸಾದ್. ಅವನು ಸುಳ್ಳು ಹೇಳ್ತಾ ಇದ್ದಾನೋ, ನಿಜವಾಗಿ ಅದೇ ಹೆಸರೋ ಗೊತ್ತಾಗದೆ ಸ್ಟೇಷನ್ನಿನವರೆಲ್ಲ ತಲೆ ಕೆರೆದುಕೊಳ್ತಾರೆ. ಫಹಾದ್ ಮುಖದಲ್ಲಿ ಆಗ ಒಂದು ನಗು ಇದೆ ನೋಡಿ, ಅದಕ್ಕೇ ನಾನು ಸೋತೆ.’ ಹೀಗೆ ಕೇಳಿದವರಿಗೆ ಸಿನಿಮಾದ ರುಚಿ ಹತ್ತುತ್ತದೆ. ಅದರ ಪೊಲೀಸ್ ಪಾತ್ರಗಳಲ್ಲಿ ಹಲವರು ನಿಜ ಜೀವನದಲ್ಲೂ ಪೊಲೀಸರೇ ಅಂತ ಸೇರಿಸಿದರೆ ಭಾವನೂ ಕಿವಿ ನಿಮಿರಿಸುತ್ತಾರೆ. ಆ ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂದದ್ದು, ಫಹಾದ್‌ಗೆ ಪೋಷಕ ನಟ ಪ್ರಶಸ್ತಿ ಬಂದದ್ದು ಹೇಳಬೇಕೆಂದಿಲ್ಲ. ಪ್ರಶಸ್ತಿಯ ಪಟ್ಟಿ ಕೇಳಿ ಸಿನಿಮಾ ನೋಡಲು ಕೂತವರನ್ನು ನಾನಂತೂ ಕಂಡಿಲ್ಲ.

ಹಿಡಿಸದೆ ಇದ್ದದ್ದನ್ನು ಹೇಳುವಾಗಲೂ ಇದೇ ದಾರಿ, ಆದರೆ ಸ್ವಲ್ಪ ಹೆಚ್ಚು ಜಾಗ್ರತೆ ಬೇಕು. ‘ಬೋರ್’ ಅಂದಾಗ ಭಾವನಿಗೆ ಕೇಳಿಸಿದ್ದು ‘ನಿಮ್ಮ ಅಭಿರುಚಿ ಸರಿಯಿಲ್ಲ’ ಅಂತ. ಸಿನಿಮಾವನ್ನು ತುಂಬ ಮೆಚ್ಚಿದವನು ಅದನ್ನು ತನ್ನದೇ ಅಂತ ಅಂದುಕೊಂಡಿರುತ್ತಾನೆ. ಹಾಗಾಗಿ ಎಲ್ಲಿ ಬೋರ್ ಆಯಿತು ಅಂತ ಜಾಗ ತೋರಿಸಿ. ‘ಇಂಟರ್‌ವಲ್ ಆದ ಮೇಲಿನ ಹಾಡು ಬಂದಾಗ ನಾನು ಮೊಬೈಲ್ ತೆಗೆದೆ, ಆಮೇಲೆ ಮತ್ತೆ ಒಳಗೆ ಹೋಗಲು ಆಗಲಿಲ್ಲ’ ಅಂದರೆ ಅದು ನಿಮ್ಮ ಅನುಭವ. ಅದರ ಜೊತೆ ಯಾರೂ ಜಗಳ ಆಡುವಂತಿಲ್ಲ. ಅದರ ಮೇಲೆ ‘ನಿಮಗೆ ಯಾವ ಜಾಗ ಹಿಡಿಸಿತು ಭಾವ?’ ಅಂತ ಕೇಳಿ. ಮುನಿಸು ಅರ್ಧ ಅಲ್ಲೇ ಇಳಿಯುತ್ತದೆ. ‘ಇದನ್ನೆಲ್ಲ ಯಾರು ನೋಡ್ತಾರೋ’ ಅನ್ನುವ ಮಾತು ಮಾತ್ರ ಬೇಡ. ನೋಡಿದವರು ಅದೇ ಗುಂಪಿನಲ್ಲಿ ಕೂತಿರುತ್ತಾರೆ.

ಈಗ ಎಲ್ಲರ ಬಾಯಲ್ಲೂ ‘ಲ್ಯಾಗ್’ ಅನ್ನುವ ಮಾತು ಇದೆ. ನನಗೆ ಇದರ ಮೇಲೆ ಸ್ವಲ್ಪ ಸಿಟ್ಟು. ನಿಧಾನವಾದದ್ದೆಲ್ಲ ಲ್ಯಾಗ್ ಅಲ್ಲ. ಜೀತು ಜೋಸೆಫ್ ಅವರ ‘ದೃಶ್ಯಂ’ 2013ರಲ್ಲಿ ಬಂದಾಗ ಮೊದಲರ್ಧ ಎಳೆದರು ಅಂತ ಹೇಳಿದವರು ಇದ್ದರು. ಕೇಬಲ್ ಟಿವಿ ನಡೆಸುವ ಜಾರ್ಜ್‌ಕುಟ್ಟಿ, ಅವನ ಸಿನಿಮಾ ಹುಚ್ಚು, ಅವನ ಜಿಪುಣತನ, ಹೋಟೆಲಿನ ಹರಟೆ. ಇದೆಲ್ಲ ಯಾಕೆ ಇಷ್ಟು ಹೊತ್ತು ಅಂತ ಅನಿಸುತ್ತದೆ. ಎರಡನೇ ಅರ್ಧ ನೋಡಿದವರಿಗೆ ಯಾಕೆ ಅಂತ ಗೊತ್ತು. ಹಾಗಾಗಿ ನಿಧಾನ ಅನಿಸಿದರೆ ನಿಧಾನ ಅಂತಲೇ ಹೇಳಿ, ಜೊತೆಗೆ ಆ ನಿಧಾನ ಮುಂದೆ ಕೆಲಸಕ್ಕೆ ಬಂತಾ ಇಲ್ಲವಾ ಅದನ್ನೂ ಹೇಳಿ. ಅರ್ಧಕ್ಕೇ ಎದ್ದು ಬಂದಿದ್ದರೆ, ಮನೆಯಲ್ಲಿ ನೋಡುವಾಗ ನಡುವೆ ನಿದ್ದೆ ಹೋಗಿದ್ದರೆ, ಅದನ್ನು ಮುಚ್ಚಿಡಬೇಡಿ. ‘ಅರ್ಧ ನೋಡಿದೆ, ಅಷ್ಟಕ್ಕೆ ನನ್ನ ಅಭಿಪ್ರಾಯ ಇಷ್ಟು’ ಅಂದರೆ ಸಾಕು.

ಎಲ್ಲಿ ನೋಡಿದಿರಿ ಅನ್ನುವುದೂ ಅಭಿಪ್ರಾಯದ ಭಾಗವೇ. ನಿಮ್ಮ ಕಡೆಯ ಅನೇಕರು ಕನ್ನಡ ಸಿನಿಮಾ ನೋಡಲು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಬಸ್ಸು, ರೈಲು, ತಿರುಗಿ ಬರುವ ಚಿಂತೆ ಎಲ್ಲ ಸೇರಿ ಒಂದು ದಿನವೇ ಹೋಗುತ್ತದೆ. ಅಷ್ಟು ಖರ್ಚು ಮಾಡಿ ನೋಡಿದ ಸಿನಿಮಾ ಚೆನ್ನಾಗಿಲ್ಲ ಅಂತ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಅದೇ ಸಿನಿಮಾ ಕೆಲವು ವಾರ ಬಿಟ್ಟು ಫೋನಿನಲ್ಲಿ, ಕುಕ್ಕರ್ ಸೀಟಿಯ ನಡುವೆ ನೋಡಿದವರಿಗೆ ಬೇರೆಯೇ ಕಾಣುತ್ತದೆ. ‘ಕಾಂತಾರ’ದ ಕೊನೆಯ ಭಾಗವನ್ನೇ ನೋಡಿ. ಥಿಯೇಟರಿನಲ್ಲಿ ದೈವದ ಆ ಕೂಗು ಬಂದಾಗ ಕುರ್ಚಿಯ ಕೈ ಬಿಗಿಯಾಗಿ ಹಿಡಿದವರು, ಮನೆಯ ಟಿವಿಯಲ್ಲಿ ನೋಡಿ ‘ಇದಕ್ಕಾ ಅಷ್ಟೆಲ್ಲ ಗಲಾಟೆ?’ ಅಂದವರು, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಾವು ಎಲ್ಲಿ ನೋಡಿದೆವು ಅಂತ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ.

ಭಾಷೆಯದ್ದೂ ಹಾಗೆಯೇ. ‘ಕಾಂತಾರ’ ಕನ್ನಡದಲ್ಲಿ 2022ರ ಸೆಪ್ಟೆಂಬರ್ 30ಕ್ಕೆ ಬಂತು, ಮಲಯಾಳ ಡಬ್ಬಿಂಗ್ ಅಕ್ಟೋಬರ್ 20ಕ್ಕೆ. ಕಾಸರಗೋಡಿನಲ್ಲಿ ಒಂದೇ ಮನೆಯವರು ಒಂದೇ ಸಿನಿಮಾವನ್ನು ಎರಡು ಭಾಷೆಯಲ್ಲಿ ನೋಡಿರುವುದು ಸಾಮಾನ್ಯ. ಡಬ್ಬಿಂಗ್ ನೋಡಿ ‘ಮಾತು ಯಾಕೋ ಅಂಟಲಿಲ್ಲ’ ಅಂತ ಅನಿಸಿದರೆ ಅದು ನಟನ ತಪ್ಪಾಗಿರಬೇಕೆಂದಿಲ್ಲ. ಯಾವ ಭಾಷೆಯಲ್ಲಿ ನೋಡಿದಿರಿ ಅಂತ ಮೊದಲೇ ಹೇಳಿಬಿಡಿ. ಒಟಿಟಿಯಲ್ಲಿ ನೋಡುವವರಿಗೆ ನನ್ನ ಸಲಹೆ: ನಿಮಗೆ ಎರಡೂ ಭಾಷೆ ಬರುತ್ತದೆ, ಆಡಿಯೋ ಆಯ್ಕೆಯಲ್ಲಿ ಮೂಲ ಭಾಷೆಗೇ ಹಾಕಿಕೊಳ್ಳಿ. ಬೆಂಗಳೂರಿನಲ್ಲಿರುವ ಪ್ರೇಕ್ಷಕನಿಗೆ ಇಲ್ಲದ ಅನುಕೂಲ ನಿಮಗಿದೆ.

ಆ ಅನುಕೂಲವನ್ನು ನೀವು ಬಳಸಿಕೊಳ್ಳುತ್ತಿಲ್ಲ ಅಂತ ನನಗೆ ಅನಿಸುತ್ತದೆ. ರತೀಶ್ ಬಾಲಕೃಷ್ಣನ್ ಪೊದುವಾಳ್ ಅವರ ‘ನ್ನಾ ತಾನ್ ಕೇಸ್ ಕೊಡ್’ 2022ರಲ್ಲಿ ಬಂತು. ರಸ್ತೆಯ ಹೊಂಡದ ವಿಷಯಕ್ಕೆ ಕೋರ್ಟಿಗೆ ಹೋಗುವ ಹಳೆ ಕಳ್ಳನ ಕಥೆ. ಬಿಡುಗಡೆಯ ದಿನದ ಜಾಹೀರಾತಿನಲ್ಲಿ ‘ಥಿಯೇಟರಿಗೆ ಬರುವ ದಾರಿಯಲ್ಲಿ ಹೊಂಡಗಳಿವೆ, ಆದರೂ ಬನ್ನಿ’ ಎಂಬರ್ಥದ ಮಾತು ಹಾಕಿ ಕೇರಳದಲ್ಲಿ ದೊಡ್ಡ ಗದ್ದಲವೇ ಆಯಿತು. ಅದರಲ್ಲಿ ಇರುವುದು ಕಾಸರಗೋಡಿನ ಆಡುಮಲಯಾಳ. ತಿರುವನಂತಪುರದವರೇ ಸಬ್‌ಟೈಟಲ್ ಬೇಕಿತ್ತು ಅಂತ ತಮಾಷೆ ಮಾಡುವಂಥದ್ದು. ನೀವು ದಿನಾ ಪೇಟೆಯಲ್ಲಿ, ಬಸ್ಸಿನಲ್ಲಿ ಕೇಳುವ ಮಾತು ಅದು. ಆ ಕಳ್ಳನ ಪಾತ್ರ ಮಾಡಿದ ಕುಂಚಾಕೊ ಬೋಬನ್ ಅದನ್ನು ಎಷ್ಟು ಸರಿಯಾಗಿ ಹಿಡಿದಿದ್ದಾರೆ, ಎಲ್ಲಿ ತಪ್ಪಿದ್ದಾರೆ ಅಂತ ಹೇಳಲು ನಿಮ್ಮಷ್ಟು ಯೋಗ್ಯರು ಯಾರಿದ್ದಾರೆ? ಮ್ಯಾಜಿಸ್ಟ್ರೇಟ್ ಪಾತ್ರ ಮಾಡಿದ ಪಿ.ಪಿ. ಕುಂಞಿಕೃಷ್ಣನ್ ನಿವೃತ್ತ ಶಿಕ್ಷಕರು. ಆ ಪಾತ್ರಕ್ಕೆ ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ಬಂತು. ನಮ್ಮ ಊರಿನ ಯಾವುದೋ ಮೇಷ್ಟ್ರು ಕೋರ್ಟಿನಲ್ಲಿ ಕೂತ ಹಾಗೇ ಅನಿಸಿತು ಅಂತ ನೀವು ಹೇಳಿದರೆ, ಅದು ಯಾವ ಪತ್ರಿಕೆಯ ವಿಮರ್ಶೆಯಲ್ಲೂ ಸಿಗದ ಮಾತು.

ಇದೇ ಜಾಗದಲ್ಲಿ ಒಂದು ಅಪಾಯವೂ ಇದೆ. ತಮ್ಮ ಊರಿನ ಕಥೆ ಪರದೆ ಮೇಲೆ ಬಂದರೆ ಪ್ರೇಕ್ಷಕ ಇನ್ಸ್‌ಪೆಕ್ಟರ್ ಆಗಿಬಿಡುತ್ತಾನೆ. ರಿಷಭ್ ಶೆಟ್ಟಿ ಅವರ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ 2018ರಲ್ಲಿ ಬಂದಾಗ ನಿಮ್ಮ ಕಡೆಯವರ ಮಾತು ಎರಡು ದಿಕ್ಕಿಗೆ ಹೋಗುವುದನ್ನು ನೋಡಿದ್ದೇನೆ. ಮುಚ್ಚುವ ಹಂತಕ್ಕೆ ಬಂದ ಕನ್ನಡ ಶಾಲೆ, ಕನ್ನಡ ಬಾರದ ಮೇಷ್ಟ್ರು ಪಾಠಕ್ಕೆ ಬರುವುದು, ಇದನ್ನು ಅನುಭವಿಸಿದವರಿಗೆ ಅದು ಕಥೆ ಅಲ್ಲ. ‘ನಮ್ಮ ಕಷ್ಟ ಕೊನೆಗೂ ಪರದೆ ಮೇಲೆ ಬಂತಲ್ಲ’ ಅಂತ ಕಣ್ಣು ಒರೆಸಿಕೊಂಡವರು ಒಂದು ಕಡೆ. ‘ಇಲ್ಲಿ ಎಲ್ಲ ಮಲಯಾಳಿಗಳೂ ಹಾಗಿಲ್ಲ, ನೆರೆಮನೆಯವರನ್ನು ಸುಮ್ನೆ ಕೆಟ್ಟವರು ಮಾಡಿದರು’ ಅಂತ ಬೇಜಾರಾದವರು ಇನ್ನೊಂದು ಕಡೆ. ಎರಡೂ ಕೇಳಲೇಬೇಕಾದ ಮಾತು. ಆದರೆ ಅವೆರಡೂ ಕಾಸರಗೋಡಿನ ಬಗ್ಗೆ ಇದ್ದವು, ಸಿನಿಮಾದ ಬಗ್ಗೆ ಅಲ್ಲ. ಮಕ್ಕಳ ತರಲೆ ಇರುವ ಮೊದಲ ಭಾಗ ಎಷ್ಟು ಹಗುರವಾಗಿ ಓಡುತ್ತದೆ, ಅನಂತ್ ನಾಗ್ ಕೋರ್ಟಿಗೆ ಬಂದ ಮೇಲೆ ಅದು ಎಷ್ಟು ಭಾಷಣವಾಗುತ್ತದೆ, ಆ ಭಾಷಣವನ್ನೂ ಅವರು ಒಬ್ಬರೇ ಹೇಗೆ ಎತ್ತಿ ನಿಲ್ಲಿಸುತ್ತಾರೆ ಅಂತ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಅದು ಮಕ್ಕಳಿಗಾಗಿ ನೋಡಬೇಕಾದ ಸಿನಿಮಾ. ಮಕ್ಕಳ ಸಿನಿಮಾ ವಿಭಾಗದಲ್ಲೇ ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ನೀವು ಕನ್ನಡ ಮೀಡಿಯಂನವರು ಅಂತ ಹೇಳಿದಿರಲ್ಲ, ಅದಕ್ಕೇ ಇಷ್ಟು ಉದ್ದ ಹೇಳಿದೆ. ಇಂಥ ಸಿನಿಮಾ ನೋಡಿದಾಗ ‘ನಮ್ಮಲ್ಲಿ ಹೀಗಿರಲಿಲ್ಲ’ ಅನ್ನುವುದನ್ನು ಒಂದು ಮಾತಲ್ಲಿ, ‘ಸಿನಿಮಾವಾಗಿ ಹೀಗನಿಸಿತು’ ಅನ್ನುವುದನ್ನು ಇನ್ನೊಂದು ಮಾತಲ್ಲಿ ಹೇಳಿ. ಎರಡನ್ನೂ ಕಲಸಿದರೆ ಕೇಳುವವರಿಗೆ ಯಾವುದೂ ತಿಳಿಯುವುದಿಲ್ಲ.

ಅಕ್ಕನ ಮಗಳ ಜಗಳಕ್ಕೆ ಬರೋಣ. ಅವಳು ಸರಿ, ನೀವು ತಪ್ಪು. ಸಿನಿಮಾದ ಮೊದಲ ಅರ್ಧ ಗಂಟೆಯಲ್ಲಿ ಏನಿದೆಯೋ ಅಷ್ಟು ಹೇಳಬಹುದು, ಅಲ್ಲಿಂದ ಆಚೆ ಬೇಡ. ಟ್ರೇಲರಿನಲ್ಲಿ ತೋರಿಸಿದ್ದು ಹೇಗೂ ಎಲ್ಲರಿಗೂ ಗೊತ್ತು. ‘ಕೊನೆಗೆ ಒಂದು ಟ್ವಿಸ್ಟ್ ಇದೆ, ನಾನು ಹೇಳಲ್ಲ’ ಅನ್ನುವುದೂ ಹೇಳಿದ ಹಾಗೇ. ಅದನ್ನು ಕೇಳಿದವರು ಇಡೀ ಸಿನಿಮಾ ಅದನ್ನೇ ಕಾಯುತ್ತಾ ಕೂರುತ್ತಾರೆ. ಯಾರು ಸಾಯುತ್ತಾರೆ ಅಂತ ಹೇಳದಿದ್ದರೂ ‘ಕರ್ಚೀಫ್ ತಗೊಂಡು ಹೋಗಿ’ ಅಂದರೆ ಅರ್ಧ ಗುಟ್ಟು ಹೋಯಿತು. ಹಳೆಯ ಸಿನಿಮಾಕ್ಕೆ ಈ ನಿಯಮ ಬೇಕಾ? ‘ದೃಶ್ಯಂ’ನಲ್ಲಿ ಜಾರ್ಜ್‌ಕುಟ್ಟಿಯ ಮನೆಯವರು ಮತ್ತೆ ಮತ್ತೆ ಹೇಳುವ ಆಗಸ್ಟ್ 2 ಈಗ ಮಲಯಾಳಿಗಳ ತಮಾಷೆಯ ದಿನ. ಅಷ್ಟು ಪ್ರಸಿದ್ಧವಾದದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಅನಿಸುತ್ತದೆ. ಆದರೂ ಮನೆಯಲ್ಲಿ ಹದಿನಾಲ್ಕು ವರ್ಷದ ಹುಡುಗಿ ಇದ್ದರೆ ಅವಳಿಗೆ ಅದು ಈ ವಾರದ ಹೊಸ ಸಿನಿಮಾ. ಅವಳನ್ನು ಮೊದಲು ಕೇಳಿ, ನೋಡಿದ್ದಾಳಾ ಅಂತ.

ಕಥೆ ಹೇಳದೆ ಒಂದು ಸಿನಿಮಾ ಬಗ್ಗೆ ಹೇಗೆ ಬರೆಯಬಹುದು ಅಂತ ತೋರಿಸುತ್ತೇನೆ. 2025ರ ಜುಲೈಯಲ್ಲಿ ಬಂದ ‘ಸು ಫ್ರಂ ಸೋ’ ನಿಮ್ಮ ಕಡೆಯಲ್ಲಿ ಬಹಳ ಓಡಿತು. ನಿರ್ದೇಶಕ ಜೆ.ಪಿ. ತುಮಿನಾಡು ಅವರ ಹೆಸರಿನಲ್ಲಿರುವ ತುಮಿನಾಡು ನಿಮ್ಮ ಮಂಜೇಶ್ವರದ್ದೇ. ಗುಂಪಿಗೆ ಹಾಕುವ ಮೆಸೇಜು ಹೀಗಿರಬಹುದು:

‘ನಿನ್ನೆ ಸು ಫ್ರಂ ಸೋ ನೋಡಿದೆವು, ಮಂಗಳೂರಿನಲ್ಲಿ, ಕನ್ನಡದಲ್ಲೇ. ಒಬ್ಬನಿಗೆ ದೆವ್ವ ಹಿಡಿಯಿತು ಅಂತ ಊರಿಗೆ ಊರೇ ಆ ಮನೆಯಲ್ಲಿ ಸೇರುವುದು ಕಥೆ. ದೆವ್ವಕ್ಕಿಂತ ಸೇರಿದವರೇ ಜಾಸ್ತಿ ನಗಿಸ್ತಾರೆ. ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ ನಮ್ಮ ಊರಲ್ಲೂ ಇದ್ದಾರೆ, ಯಾರು ಅಂತ ಹೇಳಲ್ಲ. ರಾಜ್ ಬಿ. ಶೆಟ್ಟಿ ಸ್ವಾಮೀಜಿ ಆಗಿ ಬಂದ ಮೇಲೆ ನನಗೆ ಸ್ವಲ್ಪ ಅತಿ ಅನಿಸಿತು, ಇವರು ಮಾತ್ರ ಹೊಟ್ಟೆ ಹಿಡಿದು ನಕ್ಕರು. ಕೊನೆಕೊನೆಗೆ ನಗು ಕಡಿಮೆಯಾಗಿ ಬೇರೆ ಒಂದು ವಿಷಯಕ್ಕೆ ಹೋಗುತ್ತದೆ, ಅದು ನನಗೆ ಒಳ್ಳೆಯದಾಯಿತು. ಅಮ್ಮನನ್ನು ಕರ್ಕೊಂಡು ಹೋಗಬಹುದು.’

ಇದರಲ್ಲಿ ಒಂದೂ ದೊಡ್ಡ ಶಬ್ದ ಇಲ್ಲ. ಛಾಯಾಗ್ರಹಣ, ಸಂಕಲನ ಅಂತ ಎಲ್ಲೂ ಬರಲಿಲ್ಲ. ಅವು ಬೇಕು ಅನಿಸಿದರೆ ಹೇಳಿ, ಆದರೆ ‘ಛಾಯಾಗ್ರಹಣ ಅದ್ಭುತ’ ಅಂತ ಬರೆಯುವುದಕ್ಕಿಂತ ‘ಮಳೆಯ ಒಂದು ಶಾಟ್ ಇದೆ, ನಮ್ಮ ಅಂಗಳವೇ ಅನಿಸಿತು’ ಅಂತ ಬರೆಯುವುದು ಮೇಲು. ಕೊನೆಯ ವಾಕ್ಯ ಗಮನಿಸಿ. ಎಲ್ಲ ಅಭಿಪ್ರಾಯದ ಹಿಂದೆಯೂ ಮನೆಯವರು ಕೇಳುವ ನಿಜವಾದ ಪ್ರಶ್ನೆ ಒಂದೇ: ಅಮ್ಮನ ಜೊತೆ, ಮಕ್ಕಳ ಜೊತೆ ಕೂತು ನೋಡಬಹುದಾ? 2024ರ ನವೆಂಬರಿನಿಂದ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಯುಎ (ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದದ್ದು) ಅನ್ನುವುದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಅದನ್ನು ಮೆಸೇಜಿನಲ್ಲಿ ಸೇರಿಸಿ. ರಕ್ತ ಜಾಸ್ತಿ ಇದೆಯಾ, ಬೈಗುಳ ಇದೆಯಾ, ಎಷ್ಟು ಹೊತ್ತಿನ ಸಿನಿಮಾ, ಇಂಥದ್ದನ್ನು ಹೇಳಿದವರಿಗೆ ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಗೌರವ ಸಿಗುತ್ತದೆ.

ಇನ್ನೊಂದು ಹೆದರಿಕೆ ನಿಮ್ಮ ಮನಸ್ಸಿನಲ್ಲಿ ಇದ್ದರೆ ಬಿಟ್ಟುಬಿಡಿ. ಸಿನಿಮಾ ಬಂದ ದಿನವೇ ಕೆಟ್ಟದಾಗಿ ಹೇಳಿ ಸೋಲಿಸುತ್ತಾರೆ ಅಂತ ಕೇರಳದಲ್ಲಿ ದೂರು ಹೈಕೋರ್ಟಿನವರೆಗೆ ಹೋಗಿತ್ತು. 2024ರಲ್ಲಿ ಕೋರ್ಟಿಗೆ ಕೊಟ್ಟ ಅಮಿಕಸ್ ಕ್ಯೂರಿ (ಕೋರ್ಟಿಗೆ ನೆರವಾಗಲು ನೇಮಿಸಿದ ವಕೀಲರ) ವರದಿಯಲ್ಲಿ, ವ್ಲಾಗರ್‌ಗಳು ಬಿಡುಗಡೆಯಾಗಿ 48 ಗಂಟೆ ವಿಮರ್ಶೆ ಮಾಡದಿರುವುದು ಒಳ್ಳೆಯದು ಅನ್ನುವ ಸಲಹೆಯೂ ಇತ್ತು. ಅದೆಲ್ಲ ದುಡ್ಡಿಗಾಗಿ ಹೊಗಳುವವರ, ತೆಗಳುವವರ ತಂಟೆ. ನೀವು ಊಟದ ಡಬ್ಬಿ ಬಿಚ್ಚುತ್ತಾ ಹೇಳುವ ಮಾತಿಗೆ ಯಾವ ನಿರ್ಮಾಪಕನೂ ಮುಳುಗುವುದಿಲ್ಲ.

ಮರೆತುಹೋಗುತ್ತದೆ ಅನ್ನುವವರಿಗೆ ಒಂದು ಉಪಾಯ ಇದೆ. ಸಿನಿಮಾ ಮುಗಿದ ರಾತ್ರಿಯೇ ಫೋನಿನಲ್ಲಿ ಎರಡು ಸಾಲು ಬರೆದಿಡಿ, ಕಳಿಸಬೇಡಿ. ಬೆಳಿಗ್ಗೆ ಓದಿ ನೋಡಿ. ರಾತ್ರಿಯ ಸಿಟ್ಟು, ರಾತ್ರಿಯ ಖುಷಿ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ಉಳಿದದ್ದನ್ನು ಕಳಿಸಿ. ಬೇರೆಯವರು ಏನು ಹೇಳಿದ್ದಾರೆ ಅಂತ ಅದಕ್ಕೆ ಮೊದಲು ನೋಡಬೇಡಿ. ನೋಡಿದರೆ ನಿಮ್ಮ ಮಾತಿನಲ್ಲಿ ಅವರ ಮಾತು ಸೇರಿಕೊಳ್ಳುತ್ತದೆ, ನಿಮಗೇ ಗೊತ್ತಾಗದ ಹಾಗೆ.

ಹಳೆ ಸಿನಿಮಾ ನೋಡಿ ಹೇಳಿದರೆ ಯಾರೂ ನಗುವುದಿಲ್ಲ. ನಕ್ಕರೂ ಹೇಳಿ. 1993ರ ‘ಮಣಿಚಿತ್ರತ್ತಾಳ್’ 2024ರಲ್ಲಿ 4ಕೆ ಮಾಡಿ ಮತ್ತೆ ಥಿಯೇಟರಿಗೆ ಬಂದಾಗ, ಆಗ ಹುಟ್ಟಿಯೇ ಇರದ ಹುಡುಗರು ನೋಡಿ ಬಂದು ಮಾತಾಡಿದರು. ಕಾಸರಗೋಡಿನ ಕನ್ನಡಿಗರಿಗೆ ಇಂಥ ಸಿನಿಮಾ ಡಬಲ್ ಲಾಭ, ಯಾಕೆಂದರೆ ನಿಮ್ಮ ಹತ್ತಿರ ಹೋಲಿಸಲು ಅದೇ ಕಥೆಯ ಕನ್ನಡ ರೂಪ, 2004ರ ‘ಆಪ್ತಮಿತ್ರ’ವೂ ಇದೆ. ಆದರೆ ದಯವಿಟ್ಟು ‘ಮಲಯಾಳದ್ದೇ ಒಳ್ಳೆಯದು’ ಅಥವಾ ‘ನಮ್ಮ ವಿಷ್ಣುವರ್ಧನ್ ಮುಂದೆ ಯಾರು?’ ಅಂತ ಶುರು ಮಾಡಬೇಡಿ. ಅಲ್ಲಿಂದ ಮಾತು ಸೀದಾ ಗಡಿ ತಕರಾರಿಗೆ ಹೋಗುತ್ತದೆ. ಏನು ಬದಲಾಯಿತು ಅಂತ ನೋಡಿ. ಮಲಯಾಳದಲ್ಲಿ, ಸಿನಿಮಾದೊಳಗಿನ ಹಳೆಯ ಕಥೆಯಲ್ಲಿ ನರ್ತಕಿಯನ್ನು ಕೊಂದ ಆ ಯಜಮಾನ ಬರೀ ಬಾಯಿಮಾತಿನಲ್ಲಿ, ವರ್ಣಚಿತ್ರದಲ್ಲಿ ಇರುವವನು. ಕನ್ನಡದಲ್ಲಿ ಅವನು ರಾಜ ವಿಜಯ ರಾಜೇಂದ್ರ ಬಹದ್ದೂರ್ ಆಗಿ ಎದ್ದು ಬಂದ, ವಿಷ್ಣುವರ್ಧನ್ ಅವರೇ ಆ ಪಾತ್ರವನ್ನೂ ಮಾಡಿದರು. ಅದರಿಂದ ಹೆದರಿಕೆ ಹೆಚ್ಚಾಯಿತಾ, ಕಡಿಮೆಯಾಯಿತಾ? ಕಥೆಯ ನಾಯಕಿಯಾಗಿ ಶೋಭನಾ ಅವರ ಗಂಗಾ ನೋಡುವಾಗ ಪಾಪ ಅನಿಸಿತಾ, ಸೌಂದರ್ಯ ಅವರ ಗಂಗಾ ನೋಡುವಾಗಲೂ ಹಾಗೇ ಅನಿಸಿತಾ? ನನಗೆ ಶೋಭನಾ ಮುಖದಲ್ಲಿ ಹೆದರಿಕೆಗಿಂತ ದುಃಖ ಜಾಸ್ತಿ ಕಂಡಿತು, ಸೌಂದರ್ಯ ಮುಖದಲ್ಲಿ ಸಿಟ್ಟು. ಭಾವ ಏನು ಹೇಳ್ತಾರೆ ಕೇಳಿ, ಬರೆಯಿರಿ.